ಟರ್ಮಿನಲ್‌ನಲ್ಲಿ ಕೆಂಪು ಹಿನ್ನೆಲೆ ಮುಂದಿನ ಸಾಲಿಗೂ ಹರಡುತ್ತಿದೆ, ಏಕೆ?

ಪ್ರಶ್ನೆ (ಚಿಂತಾಮಣಿಯ ಪದವಿ ವಿದ್ಯಾರ್ಥಿ):

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಟೊಮೆಟೊ ಮಂಡಿಯ ದಿನದ ಲೆಕ್ಕವನ್ನು ಪರದೆಯ ಮೇಲೆ, ಅಂದರೆ ಬರಹವಷ್ಟೇ ಕಾಣುವ ಟರ್ಮಿನಲ್ ಕಿಟಕಿಯಲ್ಲಿ, ತೋರಿಸಲು ಲಿನಕ್ಸ್‌ನಲ್ಲಿ ಪೈಥಾನ್‌ನ ಚಿಕ್ಕ ಪ್ರೋಗ್ರಾಂ ಒಂದನ್ನು ಬರೆದಿದ್ದೇನೆ. ಪ್ರತಿ ಸಾಲಿನಲ್ಲಿ ರೈತರ ಹೆಸರು, 15 ಕಿಲೋ ಬಾಕ್ಸುಗಳ ಸಂಖ್ಯೆ, ಕೊನೆಯಲ್ಲಿ ಹರಾಜಿನ ದರ ಇರುತ್ತದೆ. ದರ ಹಿಂದಿನ ದಿನಕ್ಕಿಂತ ಇಳಿದಿದ್ದರೆ ಅದನ್ನು ಕೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿಯೂ, ಏರಿದ್ದರೆ ಹಳದಿ ಅಕ್ಷರದಲ್ಲಿಯೂ ತೋರಿಸುತ್ತೇನೆ. ಮೇಲಿನ ಸಾಲುಗಳೆಲ್ಲ ಸರಿಯಾಗಿವೆ. ಆದರೆ ಪರದೆ ತುಂಬಿ ಸಾಲುಗಳು ಮೇಲಕ್ಕೆ ಸರಿಯತೊಡಗಿದ ಕೂಡಲೇ, ಇಳಿದ ದರದ ಮುಂದಿನ ಸಾಲಿನಲ್ಲಿ ಬರಹ ಮುಗಿದಲ್ಲಿಂದ ಬಲ ಅಂಚಿನವರೆಗೆ ಕೆಂಪು ಪಟ್ಟಿ ಬೀಳುತ್ತದೆ. ಬಣ್ಣವನ್ನು ರದ್ದುಗೊಳಿಸುವ ಸಂಕೇತವನ್ನು ಪ್ರತಿ ಸಾಲಿನ ಆರಂಭದಲ್ಲಿ ತಪ್ಪದೆ ಕಳುಹಿಸುತ್ತಿದ್ದೇನೆ. ಜೊತೆಗೆ, ತಂದೆಯವರ ಕಂಪ್ಯೂಟರಿನ ಟರ್ಮಿನಲ್ ಬಿಳಿಯದಾದ್ದರಿಂದ ಅಲ್ಲಿ ಹಳದಿ ಕಾಣಿಸುವುದೇ ಇಲ್ಲ.

ಉತ್ತರ 1 (ಕೋಲಾರ):

ತಮ್ಮ ತಪ್ಪು ಆ 'ಆರಂಭದಲ್ಲಿ' ಎಂಬ ಪದದಲ್ಲಿಯೇ ಇದೆ. ಕೆಂಪು ಹಿನ್ನೆಲೆಯ ಸಂಕೇತವಾದ 41 ಎಂಬ ಸಂಖ್ಯೆ ಕಳುಹಿಸಿದಾಗ ಟರ್ಮಿನಲ್ ಆ ಪದಕ್ಕೆ ಮಾತ್ರ ಬಣ್ಣ ಹಚ್ಚುವುದಿಲ್ಲ. 'ಇನ್ನು ಮುಂದೆ ಹಿನ್ನೆಲೆ ಕೆಂಪು' ಎಂದು ನೆನಪಿಟ್ಟುಕೊಳ್ಳುತ್ತದೆ. ಪರದೆಯ ಕೊನೆಯ ಸಾಲಿನಲ್ಲಿರುವಾಗ ಹೊಸ ಸಾಲಿನ ಸಂಕೇತ ಬಂದರೆ ಎಲ್ಲವೂ ಒಂದು ಸಾಲು ಮೇಲೆ ಸರಿದು ಕೆಳಗೆ ಖಾಲಿ ಸಾಲೊಂದು ಹುಟ್ಟುತ್ತದೆ, ಮತ್ತು ಬಹಳಷ್ಟು ಟರ್ಮಿನಲ್‌ಗಳು ಆ ಖಾಲಿ ಸಾಲನ್ನು ಆ ಕ್ಷಣದ ಹಿನ್ನೆಲೆ ಬಣ್ಣದಿಂದಲೇ ತುಂಬುತ್ತವೆ. ತಾವು ಆಮೇಲೆ ಬಣ್ಣ ರದ್ದುಗೊಳಿಸುವ ಸಂಕೇತವಾದ 0 ಕಳುಹಿಸಿ ಬರೆದರೂ, ಬರಹ ಮುಚ್ಚದ ಭಾಗ ಕೆಂಪಾಗಿಯೇ ಉಳಿಯುತ್ತದೆ. ಪರದೆ ತುಂಬುವ ಮೊದಲು ಹೊಸ ಸಾಲು ಹುಟ್ಟುವುದಿಲ್ಲ, ಕರ್ಸರ್ ಕೆಳಗಿಳಿಯುತ್ತದೆ ಅಷ್ಟೆ. ಆದ್ದರಿಂದಲೇ ಅಲ್ಲಿ ದೋಷ ಕಾಣಲಿಲ್ಲ. 0 ಅನ್ನು ದರದ ಬೆನ್ನಿಗೇ, ಹೊಸ ಸಾಲಿನ ಸಂಕೇತಕ್ಕೆ ಮೊದಲು ಕಳುಹಿಸಿರಿ.

ಉತ್ತರ 2 (ತುಮಕೂರು):

ಮೇಲಿನವರು ಹೇಳಿದ್ದು ಸರಿ; ನಾನು ಹಳದಿಯ ವಿಷಯಕ್ಕೆ ಬರುತ್ತೇನೆ. 30ರಿಂದ 37 ಅಕ್ಷರದ ಬಣ್ಣಗಳು, 40ರಿಂದ 47 ಹಿನ್ನೆಲೆಯ ಬಣ್ಣಗಳು; ಆದರೆ ಇವು ಬರೀ ಕ್ರಮಸಂಖ್ಯೆಗಳು, 33 ಎಂದರೆ ಯಾವ ಹಳದಿ ಎಂಬುದನ್ನು ಆಯಾ ಟರ್ಮಿನಲ್ಲೇ ನಿರ್ಧರಿಸುತ್ತದೆ. (ಹಳೆಯ ಐಬಿಎಂ ಪರದೆಗಳಲ್ಲಿ ಅದು ಕಂದಾಗಿಯೇ ಕಾಣುತ್ತಿತ್ತು.) ನನ್ನ ಅಭಿಪ್ರಾಯದಲ್ಲಿ ಅಕ್ಷರದ ಬಣ್ಣವೊಂದನ್ನೇ ಬದಲಿಸಿ ಹಿನ್ನೆಲೆಯನ್ನು ಬಳಕೆದಾರರ ಅದೃಷ್ಟಕ್ಕೆ ಬಿಡುವುದು ತರವಲ್ಲ; 30 ಮತ್ತು 43 ಎರಡನ್ನೂ ಒಟ್ಟಿಗೆ ಕಳುಹಿಸಿದರೆ ಹಳದಿಯ ಮೇಲೆ ಕಪ್ಪು ಅಕ್ಷರ ಬಂದು ಬಿಳಿ ಪರದೆಯಲ್ಲೂ ಓದಲು ಸಿಗುತ್ತದೆ. ನಿಖರವಾದ ಬಣ್ಣವೇ ಬೇಕಿದ್ದರೆ 38;5 ಆದ ಮೇಲೆ 256 ಬಣ್ಣಗಳ ಪಟ್ಟಿಯ ಸಂಖ್ಯೆಯನ್ನು ಕೊಡಬಹುದು, ಹಿನ್ನೆಲೆಗಾದರೆ 48;5. ಅದರಲ್ಲಿ 16ರಿಂದ 231ರವರೆಗೆ ಕೆಂಪು, ಹಸಿರು, ನೀಲಿಯ ತಲಾ ಆರು ಹಂತಗಳ ಮಿಶ್ರಣಗಳಿವೆ, 232ರಿಂದ 255 ಬೂದು ಛಾಯೆಗಳು. ಏರಿಳಿತಕ್ಕೆ ಬಣ್ಣದ ಜೊತೆ ಬಾಣದ ಗುರುತನ್ನೂ ಇಡಿರಿ, ಏಕೆಂದರೆ ಬಣ್ಣಗಳ ವ್ಯತ್ಯಾಸ ಕಾಣದವರೂ ಮಂಡಿಗೆ ಬರುತ್ತಾರೆ. ಲೆಕ್ಕವನ್ನು ಕಡತಕ್ಕೆ ಬರೆಯುವುದಿದ್ದರೆ, ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯೇ ಎಂದು ಪರೀಕ್ಷಿಸಿ, ಇಲ್ಲವಾದಲ್ಲಿ ಬಣ್ಣದ ಸಂಕೇತಗಳನ್ನು ಕೈಬಿಡಿರಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು ಸರ್. 0 ಅನ್ನು ಹಿಂದಕ್ಕೆ ತಂದ ಮೇಲೆ ಪಟ್ಟಿ ಮಾಯವಾಯಿತು, ಕಪ್ಪು-ಹಳದಿಯನ್ನು ತಂದೆಯವರು ಕನ್ನಡಕವಿಲ್ಲದೆಯೇ ಓದಿದರು. ಬಾಣವನ್ನು ದರದ ಬಲಕ್ಕೆ ಸೇರಿಸುವಾಗ ಇನ್ನೊಂದು ತೊಡಕು ಕಂಡಿತು: ಬಣ್ಣ ಹಚ್ಚಿದ ದರವನ್ನು ಹತ್ತು ಸ್ಥಾನಗಳಿಗೆ ಹೊಂದಿಸಲು ಹೋದರೆ ಪೈಥಾನ್ ಕಾಣದ ಸಂಕೇತಗಳನ್ನೂ ಎಣಿಸಿ ಬಾಣಗಳ ಸಾಲನ್ನು ಓರೆ ಮಾಡುತ್ತಿತ್ತು. ಈಗ ಮೊದಲು ಜಾಗ ಹೊಂದಿಸಿ, ನಂತರ ಬಣ್ಣ ಹಚ್ಚುತ್ತಿದ್ದೇನೆ. ಕನ್ನಡ ಹೆಸರುಗಳ ಒತ್ತಕ್ಷರಗಳಿಂದ ಕಾಲಂ ಇನ್ನೂ ಓರೆಯಾಗುತ್ತಿದೆ. ಅದು ಬಣ್ಣದ ಸಮಸ್ಯೆಯಲ್ಲದ ಕಾರಣ ಬೇರೆಯಾಗಿ ಕೇಳುತ್ತೇನೆ.