ಕ್ವಿಜ್ ಕಮಿಟಿ ಮತ್ತು ಕೋಲಾರದ ಟೊಮೇಟೊ

ಕ್ವಿಜ್‌ನಲ್ಲಿ ಉತ್ತರ ಹೇಳುವುದು ಸುಲಭ. ಗೊತ್ತಿದ್ದರೆ ಹೇಳಬಹುದು, ಗೊತ್ತಿಲ್ಲದಿದ್ದರೆ ತಲೆ ಕೆರೆದುಕೊಂಡು ಕೂರಬಹುದು. ಪ್ರಶ್ನೆ ಆರಿಸುವುದಿದೆಯಲ್ಲ, ಅದರ ಕಷ್ಟ ಆರಿಸಿದವರಿಗೇ ಗೊತ್ತು. ನಮ್ಮ ಬೀದಿಯ ರಾಜ್ಯೋತ್ಸವದ ಕ್ವಿಜ್‌ಗೆ ಇಪ್ಪತ್ತೈದು ಪ್ರಶ್ನೆ ಬೇಕಿತ್ತು. ಕಮಿಟಿಯಲ್ಲಿ ಐದು ಜನ. ತಲೆಗೆ ಐದು ಬರೆದುಕೊಂಡು ಬಂದರೆ ಅರ್ಧ ಗಂಟೆಯ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದೆವು. ಬರೆದುಕೊಂಡೂ ಬಂದರು. ಆದರೆ ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ಒಪ್ಪಬೇಕಲ್ಲ!

ಕಮಿಟಿಯ ಹಿರಿಯರು ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವರು, ಈಗಲೂ ಟೀ ಲೋಟ ಕೈಗೆ ಬಂದರೆ ಅದರಲ್ಲಿ ಶಾಖ ಹೇಗೆ ಹರಿಯುತ್ತದೆ ಅಂತ ಶುರು ಮಾಡುತ್ತಾರೆ. ಆಮೇಲೆ ಮಂಡಿ ಅಣ್ಣ. ಎಪಿಎಂಸಿಯಲ್ಲಿ ಟೊಮೇಟೊ ಮಂಡಿ. ಕ್ರಿಕೆಟ್ ವಿಷಯಕ್ಕೆ ಕಾಮೆಂಟ್ರಿ, ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಕೆಜಿಎಫ್‌ನಿಂದ ಕೋಲಾರಕ್ಕೆ ಮದುವೆಯಾಗಿ ಬಂದ ಅಕ್ಕ, ಮೀಟಿಂಗ್ ನಡೆದದ್ದು ಅವರ ಟೈಲರಿಂಗ್ ಅಂಗಡಿಯಲ್ಲೇ. ಪೆನ್ನು ಹಿಡಿದವನು ನಾನು. ಇನ್ನು ಅಕ್ಕನ ಮಗ ಇದ್ದಾನೆ, ನಾವು ಅವನನ್ನು ಗೂಗಲ್ ಅಂತಲೇ ಕರೆಯುವುದು. ಕಮಿಟಿಯಲ್ಲಿ ಇಲ್ಲ, ಆದರೆ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅವನ ಹೆಬ್ಬೆರಳು.

ಮೊದಲ ಪ್ರಶ್ನೆ ಮೇಷ್ಟ್ರದ್ದು. ಹಿರಿಯರು, ಇರಲಿ ಅಂತ ಬಿಟ್ಟೆವು.

"ಭಾರತದ ರಾಷ್ಟ್ರೀಯ ಆಟ ಯಾವುದು? ಉತ್ತರ, ಹಾಕಿ."

"ಯಾವುದೂ ಅಲ್ಲ ಸಾರ್" ಅಂದ ಗೂಗಲ್, ಫೋನಿನಿಂದ ತಲೆ ಎತ್ತದೆ.

"ಯಾವುದೂ ಅಲ್ಲ ಅಂದ್ರೆ?"

"2012ರಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿದ್ದಾರೆ. ಯಾವ ಆಟವನ್ನೂ ರಾಷ್ಟ್ರೀಯ ಆಟ ಅಂತ ಘೋಷಣೆ ಮಾಡಿಲ್ಲ ಅಂತ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಸರ್ವಿಸ್ ಪೂರ್ತಿ ಹಾಕಿ ಅಂತ ಬರೆದವರಿಗೆ ಒಂದು ಮಾರ್ಕು ಕೊಟ್ಟು, ಕಬಡ್ಡಿ ಅಂತ ಬರೆದವರಿಗೆ ಸೊನ್ನೆ ಸುತ್ತಿದ ಕೈ ಅದು.

"ಕಬಡ್ಡಿ ಅಂತ ಬರೆದಿದ್ದಕ್ಕೆ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಲ್ಲ ಸಾರ್, ನೆನಪಿದೆಯಾ?" ಅಂದ ಕಾಮೆಂಟ್ರಿ.

"ಅದೂ ತಪ್ಪೇ ಅಲ್ವಾ? ಕಬಡ್ಡಿಯೂ ಅಲ್ಲವಲ್ಲ!" ಅಂದರು ಮೇಷ್ಟ್ರು. ಅವರನ್ನು ಸೋಲಿಸುವುದು ಅಷ್ಟು ಸುಲಭ ಅಲ್ಲ.

ಆ ಪ್ರಶ್ನೆ ಹೋಯಿತು. ಮೇಷ್ಟ್ರು ಇನ್ನೊಂದು ತೆಗೆದರು. ವರ್ಷಕ್ಕಿಂತ ದಿನವೇ ದೊಡ್ಡದಾಗಿರುವ ಗ್ರಹ ಯಾವುದು? ಶುಕ್ರ. ತನ್ನ ಸುತ್ತ ಒಂದು ಸಲ ತಿರುಗಲು ಅದಕ್ಕೆ ನಮ್ಮ ಲೆಕ್ಕದಲ್ಲಿ 243 ದಿನ ಬೇಕು. ಸೂರ್ಯನ ಸುತ್ತ ಬರಲು 225 ದಿನ ಸಾಕು.

ಮಂಡಿ ಅಣ್ಣ ತಕ್ಷಣ ಲೆಕ್ಕಕ್ಕೆ ಇಳಿದರು. "ಅಂದ್ರೆ ಅಲ್ಲಿ ಕೂಲಿ ಆಳಿಗೆ ದಿನಗೂಲಿ ಅಂತ ಮಾತಾಡಿದ್ರೆ, ಒಂದು ಕೂಲಿ ಕೊಡೋದ್ರೊಳಗೆ ಯುಗಾದಿ ಬಂದು ಹೋಗಿರುತ್ತೆ ಅನ್ನಿ. ಒಳ್ಳೇ ಊರು."

ಗೂಗಲ್ ಮತ್ತೆ ಬಾಯಿ ಹಾಕಿದ. ಶುಕ್ರ ತಿರುಗುವುದು ಉಲ್ಟಾ ದಿಕ್ಕಿನಲ್ಲಿ. ಹಾಗಾಗಿ ಅಲ್ಲಿ ನಿಂತು ನೋಡಿದರೆ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಸುಮಾರು 117 ದಿನವೇ. ಅದನ್ನೇ ದಿನ ಅಂದರೆ ವರ್ಷವೇ ದೊಡ್ಡದು, ಉತ್ತರ ತಲೆಕೆಳಗು.

"ಮೇಷ್ಟ್ರೇ, ಯಾವ ದಿನ ಅಂತ ಪ್ರಶ್ನೆಯಲ್ಲೇ ಬರೀರಿ. ಇಲ್ಲದಿದ್ರೆ ಹಿಂದಿನ ಬೀದಿಯವರು ಸ್ಟೇಜ್ ಹತ್ತಿ ಬರ್ತಾರೆ" ಅಂದರು ಅಕ್ಕ.

ನನಗೆ ಮಾತ್ರ ಆ ಪ್ರಶ್ನೆ ಹಾಗೇ ಇರಲಿ ಅನ್ನಿಸಿತು. ಟಪ್ ಅಂತ ಉತ್ತರ ಬಂದು ಮಾತು ಮುಗಿದುಹೋಗುವ ಪ್ರಶ್ನೆ ಏನು ಚೆಂದ? ಉತ್ತರ ಬಂದ ಮೇಲೆ ಜಗಳ ಶುರುವಾಗಬೇಕು. ಯಾವ ದೇಶದ ರಾಜಧಾನಿ ಯಾವುದು ಅನ್ನುವಂಥವನ್ನು ನಾನು ಹೊಡೆದು ಹಾಕಿದ್ದೂ ಇದಕ್ಕೇ. ಪೆನ್ನು ನನ್ನ ಕೈಯಲ್ಲಿತ್ತು ನೋಡಿ.

ಕಾಮೆಂಟ್ರಿಯ ಸರದಿ. 1999ರ ಫೆಬ್ರುವರಿ, ದೆಹಲಿ, ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ 74 ರನ್‌ಗೆ ಹತ್ತೂ ವಿಕೆಟ್.

"ಇದು ಹಾಲು ಕುಡಿಯೋ ಮಗುವಿಗೂ ಗೊತ್ತು" ಅಂದರು ಮಂಡಿ ಅಣ್ಣ.

"ಗೊತ್ತು. ಒಂಬತ್ತು ವಿಕೆಟ್ ಆದ ಮೇಲೆ ಇನ್ನೊಂದು ಕಡೆಯಿಂದ ಬೌಲ್ ಮಾಡಿದ್ದು ಯಾರು?"

ಎಲ್ಲರೂ ಸುಮ್ಮನಾದರು. ಜಾವಗಲ್ ಶ್ರೀನಾಥ್. ಕುಂಬ್ಳೆಗೆ ಹತ್ತನೆಯದು ಸಿಗಲಿ ಅಂತ ಅವರು ಬೇಕಂತಲೇ ವಿಕೆಟ್‌ನಿಂದ ದೂರ ದೂರ ಬಾಲ್ ಹಾಕಿದರು. ಆಮೇಲೆ ವಾಸಿಂ ಅಕ್ರಂ ಹೊಡೆದ ಬಾಲು ಲಕ್ಷ್ಮಣ್ ಕೈಗೆ ಬಿತ್ತು, ಕುಂಬ್ಳೆಯ ಹತ್ತು ಪೂರ್ತಿಯಾಯಿತು. ಕಾಮೆಂಟ್ರಿ ಇದನ್ನು ಹೇಳುವಾಗ ಎದ್ದು ನಿಂತು, ಅಕ್ಕನ ಇಸ್ತ್ರಿ ಟೇಬಲ್ಲಿನ ಪಕ್ಕದಿಂದ ಶ್ರೀನಾಥ್ ರನ್ ಅಪ್ ಹಾಕಿ ತೋರಿಸಿದ. ಹೊಲಿದಿಟ್ಟ ಎರಡು ಬ್ಲೌಸು ನೆಲಕ್ಕೆ ಬಿದ್ದವು.

"ಬೇಕಂತ ವಿಕೆಟ್ ತೆಗೆಯದೇ ಇರೋದು! ನಮ್ಮ ಕಡೆ ಇನ್ನೊಬ್ಬನ ಹೆಸರು ಬರುತ್ತೆ ಅಂದ್ರೆ ಇರೋ ಕೆಲಸವನ್ನೂ ಕೆಡಿಸ್ತಾರೆ" ಅಂದರು ಮೇಷ್ಟ್ರು. ಈ ಪ್ರಶ್ನೆ ಚರ್ಚೆ ಇಲ್ಲದೆ ಪಾಸ್.

ಅದೇ ಜೋರಿನಲ್ಲಿ ಇನ್ನೊಂದು ಬಿಟ್ಟ. 1939ರ ಮಾರ್ಚ್, ಡರ್ಬನ್, ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಫಲಿತಾಂಶ ಬರುವ ತನಕ ಆಡಬೇಕು ಅಂತ ಒಪ್ಪಂದ, ದಿನದ ಲೆಕ್ಕವೇ ಇಲ್ಲ. 3ನೇ ತಾರೀಖು ಶುರುವಾದ ಮ್ಯಾಚು 14ರ ತನಕ ಎಳೆಯಿತು. ಇಂಗ್ಲೆಂಡಿಗೆ ಗೆಲ್ಲಲು 696 ಬೇಕು, 654 ಆಗಿದೆ, ಐದು ವಿಕೆಟ್ ಕೈಯಲ್ಲಿದೆ. ಮಳೆ ಬಂತು. ನಿಂತ ಮೇಲೆ ಆಡಬಹುದಿತ್ತು, ಆದರೂ ಡ್ರಾ ಆಗಿದ್ದು ಯಾಕೆ?

"ಯಾಕೆ?"

"ಊರಿಗೆ ಹೋಗೋ ಹಡಗು ತಪ್ಪಿಹೋಗುತ್ತಿತ್ತು."

ಮಂಡಿ ಅಣ್ಣ ನಕ್ಕು ನಕ್ಕು ಕೆಮ್ಮಿದರು. "42 ರನ್ನಿಗೆ ಬಿಟ್ಟು ಓಡಿದ್ರಾ! ನಮ್ಮ ಮುಳಬಾಗಿಲು ಲಾಸ್ಟ್ ಬಸ್ ಕೇಸೇ ಇದು."

ಗೂಗಲ್‌ಗೆ ಯುದ್ಧದ ಹುಚ್ಚು. 1896ರಲ್ಲಿ ಬ್ರಿಟನ್ನಿಗೂ ಜಾಂಜಿಬಾರ್‌ಗೂ ನಡೆದ ಯುದ್ಧ ಮುಕ್ಕಾಲು ಗಂಟೆಯೊಳಗೆ ಮುಗಿಯಿತಂತೆ, ನಮಗೆ ಟೀ ಬರಲು ಅದಕ್ಕಿಂತ ಜಾಸ್ತಿ ಹೊತ್ತಾಗಿತ್ತು. 1932ರಲ್ಲಿ ಆಸ್ಟ್ರೇಲಿಯಾದ ಸೈನ್ಯ ಗೋಧಿ ಹೊಲಕ್ಕೆ ನುಗ್ಗುತ್ತಿದ್ದ ಎಮು ಹಕ್ಕಿಗಳ ಮೇಲೆ ಮಷಿನ್ ಗನ್ ಹಿಡಿದು ಹೋಗಿ, ಆಗದೆ ವಾಪಸ್ ಬಂತು. "ನಮ್ಮ ತೋಟಕ್ಕೆ ನವಿಲು, ಕಾಡುಹಂದಿ ಬಂದ್ರೆ ಒಂದು ಪಟಾಕಿಗೂ ಗತಿ ಇಲ್ಲ" ಅಂತ ಮಂಡಿ ಅಣ್ಣನಿಗೆ ಹೊಟ್ಟೆ ಉರಿಯಿತು. ಎಮು ಪಾಸ್.

ಇಷ್ಟು ಹೊತ್ತು ಅಕ್ಕ ಬಟನ್ ಹೊಲಿಯುತ್ತಾ ಕೂತಿದ್ದರು. ದಾರ ಹಲ್ಲಿನಲ್ಲಿ ಕಡಿದು, "ನಂದು ಒಂದಿದೆ" ಅಂದರು. "ಕರೆಂಟು ಮೊದಲು ಬಂದದ್ದು ಬೆಂಗಳೂರಿಗೋ, ಕೆಜಿಎಫ್‌ಗೋ?"

"ಬೆಂಗಳೂರು" ಅಂದ ಕಾಮೆಂಟ್ರಿ, ಯೋಚನೆಯೂ ಮಾಡದೆ.

"ಥೂ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಹಾಗನ್ನಬಾರದು. ಶಿವನಸಮುದ್ರದಿಂದ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಬಂತು. ಅಲ್ಲಿಂದ ಇಲ್ಲಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದರು. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು 1905ರಲ್ಲಿ."

"ಈಗ?" ಅಂದರು ಮಂಡಿ ಅಣ್ಣ. ಸರಿಯಾಗಿ ಆಗಲೇ ಕರೆಂಟು ಹೋಯಿತು ಅಂತ ಬರೆಯಬೇಕು ಅಂತ ಆಸೆ, ಆದರೆ ಹೋಗಲಿಲ್ಲ.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಅವರ ಅಪ್ಪ ಗಣಿಯಲ್ಲಿ ಇಳಿದು ದುಡಿದವರು. ಕೆಳಗೆ ಮೂರು ಕಿಲೋಮೀಟರಿಗಿಂತ ಆಳ, ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಗಾಳಿ ತಣ್ಣಗೆ ಮಾಡಿ ಕೆಳಗೆ ಬಿಡಬೇಕು. 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿತು. "ಚಿನ್ನ ಬಿಟ್ಟು ಆ ಗಣಿಯಲ್ಲಿ ಇನ್ನೇನು ಸಿಕ್ಕಿತು, ಹೇಳಿ ನೋಡೋಣ?"

ಇದಕ್ಕೆ ಮೇಷ್ಟ್ರ ಮುಖ ಅರಳಿತು. "ನ್ಯೂಟ್ರಿನೊ!"

"ಯಾವ ಖನಿಜ ಅದು?" ಅಂದರು ಮಂಡಿ ಅಣ್ಣ.

ಮೇಷ್ಟ್ರು ಚಾಕ್‌ಪೀಸ್ ಕೇಳಿದರು. ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟರು. ಕರಿ ಕೋಟಿನ ಬಟ್ಟೆಯ ಮೇಲೆ ಚಿತ್ರ ಬಿಡಿಸಲು ಹೋದವರನ್ನು ನಾವೇ ತಡೆದು ಬಾಗಿಲಿನ ಹಲಗೆ ತೋರಿಸಿದೆವು. ಆಕಾಶದಿಂದ ಸಣ್ಣ ಸಣ್ಣ ಕಣಗಳು ಸದಾ ನೆಲಕ್ಕೆ ಸುರಿಯುತ್ತಿರುತ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೊ ಅನ್ನುವ ಒಂದು ಜಾತಿಯ ಕಣವನ್ನು ಹಿಡಿಯಲು ಆಗುವುದಿಲ್ಲ. ಅದಕ್ಕೆ ಎರಡು ಕಿಲೋಮೀಟರ್ ಬಂಡೆಯ ಕೆಳಗೆ ಹೋಗಿ ಕೂರಬೇಕು. ಬೇರೆ ಕಣಗಳು ಹೆಚ್ಚುಕಡಿಮೆ ಎಲ್ಲವೂ ಮೇಲೇ ನಿಂತುಹೋಗುತ್ತವೆ, ನ್ಯೂಟ್ರಿನೊ ಮಾತ್ರ ಬಂಡೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರುತ್ತದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಮೊದಲು ಸಿಕ್ಕಿದ ಜಾಗಗಳಲ್ಲಿ ನಮ್ಮ ಕೆಜಿಎಫ್ ಒಂದು, 1965ರಲ್ಲಿ. ಟಾಟಾ ಸಂಶೋಧನಾ ಸಂಸ್ಥೆಯವರು, ಜಪಾನಿನವರು, ಇಂಗ್ಲೆಂಡಿನವರು ಸೇರಿ ಮಾಡಿದ ಪ್ರಯೋಗ. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲೂ ಸಿಕ್ಕಿತು, ಅದೂ ಚಿನ್ನದ ಗಣಿಯಲ್ಲೇ.

"ಈಗಲೂ ನಮ್ಮ ಮೈಯೊಳಗಿಂದ ಸೆಕೆಂಡಿಗೆ ಕೋಟಿ ಕೋಟಿ ದಾಟಿ ಹೋಗ್ತಿವೆ" ಅಂದರು ಮೇಷ್ಟ್ರು.

ಮಂಡಿ ಅಣ್ಣ ಸುಮ್ನೆ ಒಂದು ಸಲ ಹೊಟ್ಟೆ ಮುಟ್ಟಿ ನೋಡಿಕೊಂಡರು.

"ಶಿಫ್ಟ್ ಮುಗಿಸಿ ಬಂದ್ರೆ ನಮ್ಮಪ್ಪನ ಜೇಬು, ಚಪ್ಪಲಿ, ಊಟದ ಡಬ್ಬಿ ಎಲ್ಲಾ ಗೇಟಲ್ಲಿ ತಡವಿ ನೋಡ್ತಿದ್ರು, ಚಿನ್ನ ಏನಾದ್ರೂ ಇದೆಯಾ ಅಂತ. ಇವು ನೋಡಿ, ಹೇಳದೆ ಕೇಳದೆ ಹೋಗಿ ಬಂದು ಮಾಡ್ತಿದ್ವು" ಅಂದರು ಅಕ್ಕ.

ನನ್ನ ಲೆಕ್ಕದಲ್ಲಿ ಆ ಸಂಜೆಯ ಒಳ್ಳೆಯ ಪ್ರಶ್ನೆ ಇದೇ. ಆದರೆ ಜಾಸ್ತಿ ಹೊತ್ತು ತಿಂದದ್ದು ಇದಲ್ಲ.

ನಡುವೆ ಸಾಹಿತ್ಯ, ಸಂಸ್ಕೃತಿ ಅಂತ ನಾನೂ ಎರಡು ಸೇರಿಸಿದೆ. ಹೆಸರಿನಲ್ಲಿ ದೇವನಹಳ್ಳಿ ಇಟ್ಟುಕೊಂಡು ಮುಳಬಾಗಿಲಿನಲ್ಲಿ ಹುಟ್ಟಿದವರು ಯಾರು? ಡಿ.ವಿ.ಜಿ. ಹೆಸರಿನಲ್ಲಿ ಆಂಧ್ರದ ಮೋಕ್ಷಗುಂಡಂ ಇಟ್ಟುಕೊಂಡು ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು? ವಿಶ್ವೇಶ್ವರಯ್ಯ. ಇದಕ್ಕೆ ಕಾಮೆಂಟ್ರಿ ಆಕ್ಷೇಪ ಎತ್ತಿದ. ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆ, ಅದನ್ನು ನಮ್ಮ ಕ್ವಿಜ್‌ನಲ್ಲಿ ಯಾಕೆ ಕೇಳಬೇಕು? 2007ರಲ್ಲಿ ಜಿಲ್ಲೆ ಒಡೆದದ್ದರ ನೋವು ಮಂಡಿ ಅಣ್ಣನಿಗೆ ಇನ್ನೂ ಆರಿಲ್ಲ. ಅಣ್ಣತಮ್ಮಂದಿರ ಪಾಲುಪಟ್ಟಿಯ ಹಾಗೆ ಅವರು ಬೆರಳು ಮಡಿಚಿ ಹೇಳಿದರು. "ನಂದಿ ಬೆಟ್ಟ ಆ ಕಡೆಗೆ. ಶಿಡ್ಲಘಟ್ಟದ ರೇಷ್ಮೆ ಆ ಕಡೆಗೆ. ಕೈವಾರ ತಾತಯ್ಯನೋರು ಆ ಕಡೆಗೆ. ವಿಶ್ವೇಶ್ವರಯ್ಯನೂ ಅವರಿಗೇ ಅಂದ್ರೆ ಹೆಂಗೆ? ಅವರು ಹುಟ್ಟಿದಾಗ ಆ ಜಿಲ್ಲೆ ಎಲ್ಲಿತ್ತು?"

"ನಮಗೆ ಮಾಸ್ತಿಯವರು ಇದ್ದಾರಲ್ಲ, 1983ರ ಜ್ಞಾನಪೀಠ" ಅಂತ ಸಮಾಧಾನ ಮಾಡಿದೆ.

"ಟೊಮೇಟೊನೂ ಇದೆ" ಅಂದರು ಅವರು.

ಅಲ್ಲಿಗೆ ಕೆಟ್ಟಿತು. ಮೇಷ್ಟ್ರ ಚೀಟಿಯಲ್ಲಿ ಉಳಿದಿದ್ದ ಕೊನೆಯ ಪ್ರಶ್ನೆ ಅದೇ. ಟೊಮೇಟೊ ಹಣ್ಣೋ, ತರಕಾರಿಯೋ?

"ಹಣ್ಣು" ಅಂದರು ಮೇಷ್ಟ್ರು. "ಹೂವಿನ ಅಂಡಾಶಯದಿಂದ ಬೆಳೆದು ಒಳಗೆ ಬೀಜ ಇದ್ದರೆ ಅದು ಹಣ್ಣೇ. ಆ ಲೆಕ್ಕದಲ್ಲಿ ಬದನೆಕಾಯಿ, ಮೆಣಸಿನಕಾಯಿ, ಸೌತೆಕಾಯಿಯೂ ಹಣ್ಣೇ."

"ಹಾಗಾದ್ರೆ ಗೃಹಪ್ರವೇಶಕ್ಕೆ ತಟ್ಟೆ ತುಂಬಾ ಬದನೆಕಾಯಿ ಇಟ್ಕೊಂಡು ಹೋಗಿ ಮೇಷ್ಟ್ರೇ, ಏನಂತಾರೆ ನೋಡೋಣ. ಹಗಲು ರಾತ್ರಿ ಅದರ ಜೊತೆ ಇರೋನು ನಾನು. ಅದು ತರಕಾರಿ. ಸಾರಿಗೆ ಹಾಕ್ತಾರೆ, ಗೊಜ್ಜು ಮಾಡ್ತಾರೆ. ಟೊಮೇಟೊ ಪಾಯಸ ಯಾರಾದ್ರೂ ಕುಡಿದಿದ್ದೀರಾ?"

"ಹಲ್ವಾ ಮಾಡ್ತಾರೆ, ಯೂಟ್ಯೂಬಲ್ಲಿ ನೋಡಿದ್ದೀನಿ" ಅಂದರು ಅಕ್ಕ, ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಈ ಸಲ ಗೂಗಲ್ ಮಂಡಿ ಅಣ್ಣನ ಕಡೆ. ಇದೇ ಜಗಳ 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿ ಹೊರಗಿನಿಂದ ಬರುವ ತರಕಾರಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ನಿಕ್ಸ್ ಅನ್ನುವ ವ್ಯಾಪಾರಿ ನ್ಯೂಯಾರ್ಕ್ ಬಂದರಿನ ಸುಂಕದ ಅಧಿಕಾರಿ ಹೆಡನ್ ಮೇಲೆ ಕೇಸು ಹಾಕಿದ. ಟೊಮೇಟೊ ಹಣ್ಣು, ಕಟ್ಟಿದ ದುಡ್ಡು ವಾಪಸ್ ಕೊಡಿ ಅಂತ. ಕೋರ್ಟಿನಲ್ಲಿ ನಿಘಂಟು ತೆಗೆದು ಓದಿದರು. ಕೊನೆಗೆ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಹೇಳಿದ್ದು, ಸಸ್ಯಶಾಸ್ತ್ರಕ್ಕೆ ಅದು ಹಣ್ಣೇ ಇರಬಹುದು, ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆ, ಊಟದ ಕೊನೆಯ ಸಿಹಿಗೆ ಅಲ್ಲ. ಹಾಗಾಗಿ ಸುಂಕದ ಮಟ್ಟಿಗೆ ತರಕಾರಿ.

"ನೋಡಿದ್ರಾ! ನಾನು ಪಾಯಸ ಅಂದಿದ್ದೇ ಅದು!" ಮಂಡಿ ಅಣ್ಣ ಬೆಂಚು ಗುದ್ದಿದರು. ಸುಪ್ರೀಂ ಕೋರ್ಟು ತಮ್ಮ ಮಾತನ್ನೇ ಕದ್ದಿದೆ ಅನ್ನುವಷ್ಟು ಖುಷಿ.

"ಕೋರ್ಟು ಹೇಳಿದ್ರೆ ಬೀಜ ಮಾಯ ಆಗುತ್ತಾ?" ಮೇಷ್ಟ್ರು ಬಿಡಲಿಲ್ಲ. "ಅದಲ್ಲದೆ ಟೊಮೇಟೊ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಮೂಲ ದಕ್ಷಿಣ ಅಮೆರಿಕ. ಪೋರ್ಚುಗೀಸರು ತಂದದ್ದು."

ಮಂಡಿ ಅಣ್ಣನಿಗೆ ಇದು ತಡೆಯಲಿಲ್ಲ. "ಉತ್ತ ಮಾಟ, ಬರೀ ಬಾಯಿ ಮಾತು! ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ, 2023ರ ಜುಲೈನಲ್ಲಿ, ಪೋರ್ಚುಗೀಸರು ಬಂದು ರಾತ್ರಿ ತೋಟ ಕಾದ್ರಾ? ನಮ್ಮೋರು ಮಂಚ ಹಾಕ್ಕೊಂಡು ಮಲಗಿದ್ರು, ಕಳ್ಳರು ಬರ್ತಾರೆ ಅಂತ. ಇನ್ನೊಂದು ವಿಷಯ ಕೇಳಿ. ರೇಟು ಇದ್ರೆ ಅದು ಹಣ್ಣು, ಜೋಪಾನವಾಗಿ ಎತ್ತಿ ಬಾಕ್ಸಿಗೆ ಇಡ್ತೀವಿ. ರೇಟು ಬಿದ್ರೆ ಹಣ್ಣೂ ಅಲ್ಲ, ತರಕಾರಿನೂ ಅಲ್ಲ, ರಸ್ತೆ ಪಕ್ಕ ಸುರಿಯೋದೇ."

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಎರಡು ಉತ್ತರವನ್ನೂ ಸರಿ ಅಂತ ಬರೆದುಕೊಂಡು ಬ್ರಾಕೆಟ್ಟಿನಲ್ಲಿ 'ಕಾರಣ ಕೊಡಬೇಕು' ಅಂತ ಸೇರಿಸಿದೆ.

ಟೀ ಮೂರನೇ ಸಲ ಬರುವ ಹೊತ್ತಿಗೆ ಪಟ್ಟಿಯಲ್ಲಿ ಇಪ್ಪತ್ನಾಲ್ಕು ಆಗಿತ್ತು. ಟೈ ಬ್ರೇಕರ್ ಒಂದು ಬಾಕಿ. ತೀರ್ಪುಗಾರರ ತೀರ್ಮಾನವೇ ಅಂತಿಮ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ, ಆದರೆ ತೀರ್ಪುಗಾರರಾಗಲು ಯಾರೂ ತಯಾರಿರಲಿಲ್ಲ. ಕೊನೆಗೆ ಹಾಕಿ ಪ್ರಶ್ನೆಯನ್ನು ಸ್ಟೇಜಿನ ಮೇಲೆ ಯಾರೂ ಎತ್ತಬಾರದು ಅನ್ನುವ ಷರತ್ತಿನ ಮೇಲೆ ಮೇಷ್ಟ್ರು ಒಪ್ಪಿದರು.

"ಟೈ ಬ್ರೇಕರ್ ನಾನು ಕೊಡ್ತೀನಿ" ಅಂದರು ಮಂಡಿ ಅಣ್ಣ. "ನಾಳೆ ಬೆಳಿಗ್ಗೆ ಹರಾಜಲ್ಲಿ ಒಂದು ಬಾಕ್ಸ್ ಟೊಮೇಟೊ ಎಷ್ಟಕ್ಕೆ ಕೂಗ್ತಾರೆ?"

"ಅಣ್ಣಾ, ಅದರ ಉತ್ತರ ಯಾರಿಗೂ ಗೊತ್ತಿರಲ್ಲ" ಅಂದ ಕಾಮೆಂಟ್ರಿ.

"ಅದಕ್ಕೇ ಟೈ ಬ್ರೇಕರ್ರು. ಹತ್ತಿರ ಬಂದೋನು ಗೆದ್ದ."

ಗೂಗಲ್ ಆಗಲೇ ಹುಡುಕಲು ಶುರು ಮಾಡಿದ್ದ. "ಇವತ್ತಿನದು ಸಿಗ್ತಿದೆ, ನಾಳೇದು ಸಿಗ್ತಿಲ್ಲ ಅಣ್ಣಾ."

"ಸಿಕ್ಕಿದ್ರೆ ಇಲ್ಲಿ ಎಲ್ಲರ ಮುಂದೆ ಕೂಗಬೇಡ. ಬಾಯಿ ಮುಚ್ಕೊಂಡು ಸೀದಾ ನಮ್ಮ ಮಂಡಿಗೆ ಬಾ."

"ನಂಗೆ ಎಷ್ಟು ಪರ್ಸೆಂಟು ಕಮಿಷನ್?" ಅಂದ ಹುಡುಗ.

ಮಂಡಿ ಅಣ್ಣ ಅಕ್ಕನ ಕಡೆ ತಿರುಗಿದರು. "ಇವನನ್ನ ಇಂಜಿನಿಯರಿಂಗ್ ಓದಿಸಬೇಡಮ್ಮಾ."