ಸ್ಪ್ರೇಯರ್ ಚಾರ್ಜರ್ ಆನ್ ಆಗುತ್ತಿಲ್ಲ, ದೀಪವೇ ಹತ್ತುತ್ತಿಲ್ಲ. ಸಿಡಿಲಿಗೆ ಹೋಗಿರಬಹುದಾ?

ಮೂಡಿಗೆರೆ ಮೆಣಸು:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಮೂರು ಎಕರೆ ಕಾಫಿ, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಇದೆ. 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ. ಅದರ ಚಾರ್ಜರ್ ಮೂರು ದಿನದಿಂದ ಸತ್ತ ಹಾಗಿದೆ. ಮೊದಲು ಪ್ಲಗ್ ಹಾಕಿದ ಕೂಡಲೇ ಹಸಿರು ದೀಪ ಬರುತ್ತಿತ್ತು, ಸ್ಪ್ರೇಯರ್‌ಗೆ ಸಿಕ್ಕಿಸಿದರೆ ಕೆಂಪು. ಈಗ ಎರಡೂ ಇಲ್ಲ. ಸೋಮವಾರ ಸಂಜೆ ಗುಡುಗು, ಸಿಡಿಲು ಜೋರಾಗಿತ್ತು. ಸಿಡಿಲಿಗೇ ಹೋಗಿದೆ, ಎಸೆದುಬಿಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಮಳೆ ಹಿಡಿಯುವ ಮೊದಲು ಬಳ್ಳಿಗಳಿಗೆ ರೋಗ ಬಾರದ ಹಾಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದು ಮುಗಿಸಬೇಕು. ಅರ್ಧ ತೋಟ ಆಗಿದೆ. ಮೈಲುತುತ್ತ, ಸುಣ್ಣ ತಂದಿಟ್ಟಿದ್ದೇನೆ. ಕಲಸಿದ ದಿನವೇ ಖಾಲಿ ಮಾಡಬೇಕಲ್ವಾ, ಚಾರ್ಜ್ ಗ್ಯಾರಂಟಿ ಇಲ್ಲದೆ ಕಲಸಲು ಧೈರ್ಯ ಬರುತ್ತಿಲ್ಲ. ಹೋದ ವರ್ಷ ತಡ ಮಾಡಿ ಹನ್ನೊಂದು ಬಳ್ಳಿ ಸೊರಗಿಹೋದವು. ಆ ಮರಗಳನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾರಾದರೂ ದಾರಿ ಹೇಳಿ.

ಸಕಲೇಶಪುರ ತೋಟದವನು:
ಅಕ್ಕ, ಮೊದಲು ಅದೇ ಪ್ಲಗ್ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಮ್ಮಲ್ಲಿ ಸಾಕೆಟ್ ಸಡಿಲವಾಗಿ ಒಂದು ವಾರ ಸುಮ್ನೆ ಒದ್ದಾಡಿದ್ದೆವು. ಇನ್ನೊಂದು ಮಾತು. ಅವಸರಕ್ಕೆ ಕಾರ್ ಬ್ಯಾಟರಿಯ ದೊಡ್ಡ ಚಾರ್ಜರ್ ಹಾಕಬೇಡಿ. ಈ ಚಿಕ್ಕ ಬ್ಯಾಟರಿಗೆ 2 ಆಂಪಿಯರ್ ಒಳಗೆ ಸಾಕು. ಜಾಸ್ತಿ ಆದರೆ ಬಿಸಿಯಾಗಿ ಉಬ್ಬಿಕೊಳ್ಳುತ್ತದೆ.

ಹಾಸನ ರಿಪೇರಿ:
ಹಾಸನದಲ್ಲಿ ಅಂಗಡಿ ಇಟ್ಟು 19 ವರ್ಷ ಆಯಿತು. ಮೇ, ಜೂನ್ ಬಂದರೆ ನನ್ನ ಟೇಬಲ್ ತುಂಬ ಇವೇ ಚಾರ್ಜರ್‌ಗಳು. ಮೇಡಂ, ಬ್ಯಾಟರಿಗೆ ಸಿಕ್ಕಿಸದೆ ಬರೀ ಪ್ಲಗ್‌ಗೆ ಹಾಕಿದಾಗಲೂ ದೀಪ ಇಲ್ಲ ಅಂದರೆ ಬ್ಯಾಟರಿಯ ತಪ್ಪಲ್ಲ. ಗೋಡೆಯಿಂದ ಶುರು ಮಾಡಿ ಚಾರ್ಜರ್ ಒಳಗಿನ ಫ್ಯೂಸ್‌ವರೆಗೆ ಹುಡುಕಿ.

ಸಿಡಿಲು ಅಂತ ತೀರ್ಮಾನ ಮಾಡುವ ಮೊದಲು ವೈರ್ ನೋಡಿ. ಕೆಲಸ ಆದ ಮೇಲೆ ವೈರನ್ನು ಚಾರ್ಜರ್‌ಗೇ ಬಿಗಿಯಾಗಿ ಸುತ್ತಿಡುತ್ತೀರಾ? ಹಾಗೆ ಸುತ್ತಿದರೆ, ಡಬ್ಬಿಯಿಂದ ವೈರ್ ಹೊರಗೆ ಬರುವ ಕತ್ತಿನಲ್ಲಿ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಪ್ಲಗ್ ತೆಗೆದು ಆ ಜಾಗವನ್ನು ಬೆರಳಲ್ಲಿ ಮಡಚಿ. ಬೇರೆ ಕಡೆ ವೈರ್ ಸ್ವಲ್ಪ ಗಡುಸಾಗಿರುತ್ತದೆ. ಮುರಿದ ಜಾಗ ದೀಪದ ಬತ್ತಿಯ ಹಾಗೆ ಮೆತ್ತಗೆ ಬಾಗುತ್ತದೆ.

ವೈರ್ ಸರಿಯಿದ್ದರೆ ಮಾತ್ರ ಒಳಗಿನ ಗಾಜಿನ ಫ್ಯೂಸ್. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅದೇ ರೇಟಿಂಗ್‌ನ ಹೊಸದು ಹಾಕಿ ನೋಡಬಹುದು. ಗಾಜು ಕಪ್ಪಾಗಿದ್ದರೆ ಒಳಗೆ ಶಾರ್ಟ್ ಆಗಿದೆ ಅಂತ ಅರ್ಥ, ಹೊಸ ಫ್ಯೂಸೂ ಹೋಗುತ್ತದೆ. ಅಂಥದ್ದನ್ನು ನಾವು ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬ್ ಮೂಲಕವೇ ಚಾರ್ಜರ್‌ಗೆ ಹೋಗುವ ಹಾಗೆ, 60 ವಾಟ್ ಬಲ್ಬ್ ಹಾಕಿ ಪರೀಕ್ಷೆ ಮಾಡುತ್ತೇವೆ. ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ಇನ್ನೂ ಹಾಗೇ ಇದೆ. ಅದನ್ನು ನೀವು ಮನೆಯಲ್ಲಿ ಮಾಡಬೇಡಿ.

ದಯವಿಟ್ಟು ಪ್ಲಗ್ ತೆಗೆದ ಕೂಡಲೇ ಡಬ್ಬಿ ಬಿಚ್ಚಿ ಕೈ ಹಾಕಬೇಡಿ. ಒಳಗೆ ದಪ್ಪ ಕೆಪಾಸಿಟರ್ ಇದೆ. 230 ವೋಲ್ಟ್ ಲೈನ್‌ನಲ್ಲಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ, ಪ್ಲಗ್ ತೆಗೆದರೂ ಉಳಿದಿರಬಹುದು. ಕೆಲಸ ಕಲಿಯುವಾಗ ನನಗೊಮ್ಮೆ ಬಡಿದು, ಭುಜದವರೆಗೆ ಕೈ ಮರಗಟ್ಟಿತ್ತು. ಮೀಟರ್ ಇಟ್ಟು ಸೊನ್ನೆ ಬಂದ ಮೇಲೇ ಮುಟ್ಟಿ.

ಮೂಡಿಗೆರೆ ಮೆಣಸು:
ಅಣ್ಣ, ನೀವು ಹೇಳಿದ್ದೇ ಸರಿ! ಸಾಕೆಟ್ ಚೆನ್ನಾಗಿದೆ, ಮೊಬೈಲ್ ಚಾರ್ಜ್ ಆಯಿತು. ಚಾರ್ಜರ್ ಕತ್ತಿನ ಹತ್ತಿರ ಮಡಚಿದರೆ ಒಂದು ಕಡೆ ಪೂರ್ತಿ ಮೆತ್ತಗಿತ್ತು. ನಾನೇ ದಿನಾ ಬಿಗಿಯಾಗಿ ಸುತ್ತಿ ಮೊಳೆಗೆ ನೇತು ಹಾಕುತ್ತಿದ್ದೆ. ಬಿಚ್ಚಲು ಹೋಗಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ರೇಡಿಯೋ ರಿಪೇರಿ ಮಾಡುವ ಹುಡುಗನಿಗೆ ಕೊಟ್ಟೆ. ಅವನು ಫ್ಯೂಸ್‌ಗೆ ಮೀಟರ್ ಇಟ್ಟ, ಬೀಪ್ ಬಂತು, ಅಂದರೆ ಫ್ಯೂಸ್ ತುಂಡಾಗಿಲ್ಲ. ವೈರ್‌ಗೆ ಇಟ್ಟರೆ ಬೀಪ್ ಇಲ್ಲ. ನಾಲ್ಕು ಇಂಚು ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದ. ಹಸಿರು ದೀಪ ಬಂತು!

ಬ್ಯಾಟರಿ ಈಗ 11.7 ವೋಲ್ಟ್ ತೋರಿಸುತ್ತಿದೆ. ಹಾಳಾಗಿದೆಯಾ? ಸ್ಪ್ರೇಯರ್‌ನ ಚಾರ್ಜಿಂಗ್ ಪಿನ್ ಸುತ್ತ ಹಸಿರು ಹಸಿರಾಗಿ ಏನೋ ಕೂತಿದೆ, ಅದೂ ತೊಂದರೆಯಾ?

ಹಾಸನ ರಿಪೇರಿ:
11.7 ಅಂದರೆ ಖಾಲಿಯಾಗಿದೆ, ಸತ್ತಿಲ್ಲ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಹೀಗೆ ಖಾಲಿ ಇಟ್ಟಷ್ಟೂ ಅದರ ಶಕ್ತಿ ಕುಂದುತ್ತದೆ, ಇವತ್ತೇ ಚಾರ್ಜ್ ಮಾಡಿ. ನಿಮ್ಮ ಚಾರ್ಜರ್ 1.7 ಆಂಪಿಯರ್‌ನದ್ದಾದರೆ ಆರು ಗಂಟೆ ಹಿಡಿಯಬಹುದು. ಹಸಿರು ಬಂದಿರುವುದು ಕಿಲುಬು, ಮೈಲುತುತ್ತದ ನೀರು ತಾಗಿ ಹಾಗಾಗುತ್ತದೆ. ಸ್ವಿಚ್ ಆಫ್ ಮಾಡಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಾಗಲೇ ಉಜ್ಜಿ. ನೀರು ಹಾಕಬೇಡಿ.

ಮೂಡಿಗೆರೆ ಮೆಣಸು:
ರಾತ್ರಿ ಒಂಬತ್ತಕ್ಕೆ ಹಾಕಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಹಸಿರು ದೀಪ, ಮೀಟರ್‌ನಲ್ಲಿ 12.9. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ಮೋಡ ಇನ್ನೂ ಮೇಲೇ ಇದೆ. ಸುಣ್ಣ ನೆನೆಸಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.