ರೀಸೆಟ್ ಹೊಡೆದ್ರೆ ಆಯ್ತು ಅಂದಿಯಲ್ಲ ಪುಟ್ಟಿ

ಪುಟ್ಟಿ, ಅಜ್ಜನ ಫೋನ್ ಲಾಕ್ ಆಗಿದ್ರೆ ರೀಸೆಟ್ ಹೊಡೀರಿ ಮಾವ, 5 ನಿಮಿಷದ ಕೆಲಸ ಅಂತ ಗ್ರೂಪಲ್ಲಿ ಹಾಕಿದ್ದೀಯಲ್ಲ, ಆ 5 ನಿಮಿಷದ ಕೆಲಸಕ್ಕೆ ಇವತ್ತಿಗೆ 9 ದಿನ ಆಯ್ತು ಮಾರಾಯ್ತಿ. ಟೈಪ್ ಮಾಡ್ಲಿಕ್ಕೆ ಕೂತ್ರೆ ರಾತ್ರಿ ಆದೀತು, ಹಾಗೆ ಮೈಕ್ ಒತ್ತಿ ಹೇಳ್ತಾ ಇದ್ದೇನೆ, ಅದು ಎಂತೆಂತದೋ ಬರ್ಕೊಂಡ್ರೆ ನೀವೇ ಸರಿ ಮಾಡಿ ಓದಿ.

ಅಪ್ಪಯ್ಯ ಬೆರಳು ಒತ್ತಿಯೇ ಫೋನ್ ತೆಗೀತಿದ್ದದ್ದು. ಈಗ ಅಡಿಕೆ ಸುಲಿಯುವ ಸಮಯ, ಈ ಪ್ರಾಯಕ್ಕೆ ಬೇಡ ಅಂದ್ರೂ ಕೇಳುದಿಲ್ಲ, ಜಗಲಿಯಲ್ಲಿ ಕತ್ತಿ ಹಿಡ್ಕೊಂಡು ಕೂತಾಯ್ತು, ಹೆಬ್ಬೆರಳು ನೋಡಿದ್ರೆ ಗೆರೆ ಪೂರಾ ಸವೆದು ಕಪ್ಪು ಕಲೆ ಕೂತಿದೆ. ಒತ್ತಿದ್ರೆ ಫೋನ್ ಗುರ್ ಅಂತದೆ, ಇವ್ರ್ಯಾರು ಅಂತ ಅದಕ್ಕೆ ಗೊತ್ತಿಲ್ಲ. ರೇಷನ್ ಅಂಗಡಿಯ ಮಿಷನ್ನೂ ಹಾಗೇ ತಕರಾರು, ಆದ್ರೆ ಅಲ್ಲಿ ಓಟಿಪಿ ತರ್ಸಿಯಾದ್ರೂ ಅಕ್ಕಿ ಕೊಡ್ತಾರೆ, ಆ ಓಟಿಪಿ ಬರುದು ಇದೇ ಫೋನಿಗೆ, ನೋಡು. ಪಿನ್ ಎಂತ ಅಂತ ಕೇಳಿದ್ರೆ, ಅದನ್ನು ಅಂಗಡಿಯ ಹುಡುಗ ಹಾಕಿದ್ದಲ್ವಾ ಅಂತಾರೆ.

ಸರಿ, ಇಲ್ಲೇ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ತಕೊಂಡು ಹೋದೆ. ಅಲ್ಲೊಬ್ಬ ವಾಲ್ಯೂಮ್ ಬಟನ್ನೂ ಪವರ್ ಬಟನ್ನೂ ಒಟ್ಟಿಗೆ ಹಿಡ್ದು ಎಲ್ಲಾ ಅಳಿಸಿದ. ಅಪ್ಪಯ್ಯ ಅವ್ರೇ ಮುಂದೆ ಕೂತು ರೆಕಾರ್ಡ್ ಮಾಡಿದ ತಾಳಮದ್ದಳೆ ಅಷ್ಟೂ ಹೋಯ್ತು, ಅದನ್ನು ಅವ್ರಿಗೆ ಇನ್ನೂ ಹೇಳಿಲ್ಲ, ಯಾರೂ ಬಾಯಿ ಬಿಡ್ಬೇಡಿ. ಫೋನ್ ಹೊಸತರ ಹಾಗೆ ಬೆಳಗಿತು, ವೈಫೈ ಕೇಳಿತು, ಆಮೇಲೆ ಮೊದ್ಲು ಇದ್ದ ಅಕೌಂಟ್ ಹಾಕಿ ಅಂತ ನಿಂತಿತು ನೋಡು, ಕದಲಿಲ್ಲ. ಇದಕ್ಕೆ ಎಫ್‌ಆರ್‌ಪಿ ಲಾಕ್ ಅಂತಾರಂತೆ, ಕದ್ದ ಫೋನನ್ನು ರೀಸೆಟ್ ಹೊಡೆದು ಮಾರ್ಬಾರ್ದು ಅಂತ 2015ರಿಂದ ಆಂಡ್ರಾಯ್ಡಲ್ಲಿ ಉಂಟು. ಒಳ್ಳೇದೇ, ನಾನು ಇಲ್ಲ ಅನ್ನುದಿಲ್ಲ. ಆದ್ರೆ ಆ ಜೀಮೇಲ್ ಮಾಡಿದವ ಫೋನ್ ಮಾರಿದ ಹುಡುಗ, ಅದೂ ಅವನ ನಂಬರ್ ಕೊಟ್ಟು! ಅವ ಈಗ ಶಾರ್ಜಾದಲ್ಲಿದ್ದಾನೆ, ಪಾಸ್‌ವರ್ಡ್ ನೆನಪಿಲ್ಲ ಅಂತಾನೆ, ಪಾಪ ಎಷ್ಟು ಜನಕ್ಕೆ ಮಾಡಿ ಕೊಟ್ಟಿದ್ದಾನೋ. ಅವನ ಹಳೆ ಸಿಮ್ ರೀಚಾರ್ಜ್ ಇಲ್ದೆ ಸತ್ತು ಆ ನಂಬರ್ ಬೇರೆಯವ್ರಿಗೆ ಹೋಗಿದೆ, ನಾನು ಫೋನ್ ಮಾಡಿದ್ರೆ ಕೊಲ್ಲಂ ಕಡೆಯ ಯಾರೋ ಹೆಂಗಸು ಎತ್ತಿದ್ರು. ನನ್ನ ಹರುಕು ಮಲಯಾಳದಲ್ಲಿ ಚೇಚಿ ಒಂದು ಓಟಿಪಿ ಬರ್ತದೆ ಹೇಳಿ ಅಂದಿದ್ರೆ ಸೀದಾ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಂಪ್ಲೇಂಟ್ ಕೊಡ್ತಿದ್ರು, ತಪ್ಪಿ ಬಂತು ಅಂತ ಹೇಳಿ ಇಟ್ಟೆ. ಬಿಲ್ ಇದ್ರೆ ಸರ್ವಿಸ್ ಸೆಂಟರಲ್ಲಿ ತೆಗ್ದು ಕೊಡ್ತಾರೆ ಅಂದ್ರು. ಬಿಲ್ ಉಂಟು, ಅಪ್ಪಯ್ಯ ಮಡಚಿ ಪಾಸ್‌ಬುಕ್ಕಿನೊಳಗೆ ಇಟ್ಟಿದ್ರು, ಆದ್ರೆ ಆ ಮಿಷನ್ ಕಾಗದದ ಅಕ್ಷರ ಪೂರಾ ಮಾಸಿ ಬೆಳ್ಳಗೆ, ಬಿಸಿಲಿಗೆ ಹಿಡಿದ್ರೂ ಕಾಣುದಿಲ್ಲ.

ಹಾಗಾದ್ರೆ ಇದು ಯಾರ ಫೋನ್ ಮಾರಾಯ್ತಿ? ದುಡ್ಡು ಕೊಟ್ಟವರು ಇಲ್ಲಿ ಕೂತಿದ್ದಾರೆ, ಫೋನ್ ಅವ್ರ ಕೈಯಲ್ಲೇ ಉಂಟು, ಬೀಗದಕೈ ಮಾತ್ರ ಶಾರ್ಜಾದಲ್ಲಿ. 2025 ನವೆಂಬರಲ್ಲಿ ಸೆಂಟ್ರಲ್ ಗವರ್ಮೆಂಟ್ ಹೊಸ ಫೋನಿಗೆಲ್ಲ ಸಂಚಾರ್ ಸಾಥಿ ಆ್ಯಪ್ ಹಾಕಿಯೇ ಮಾರ್ಬೇಕು ಅಂತ ಆರ್ಡರ್ ಮಾಡಿ, ಗಲಾಟೆ ಆಗಿ ಡಿಸೆಂಬರ್ 3ಕ್ಕೆ ವಾಪಾಸ್ ತಕೊಂಡದ್ದು ನೆನಪುಂಟಾ, ಆಗ ನೀವೆಲ್ಲ ಗ್ರೂಪಲ್ಲಿ ಎಷ್ಟು ಹಾರಾಡಿದ್ರಿ. ಕಳೆದ ಫೋನ್ ಬ್ಲಾಕ್ ಮಾಡ್ಲಿಕ್ಕೆ ಆ್ಯಪ್ ಉಪಯೋಗದ್ದೇ, ಆದ್ರೆ ಹಾಕುದೂ ತೆಗೆಯುದೂ ನಾವು ಮಾಡ್ಬೇಕು ಅಂತ ಆಗ ಹೇಳಿದ್ದು ನಾನೂ. ಅಪ್ಪಯ್ಯನ ಫೋನಿಗೆ ಅಂಗಡಿಯ ಹುಡುಗ ಎಂತ ಹಾಕಿದ್ದಾನೆ ಅಂತ ನಾವ್ಯಾರೂ ಒಂದು ದಿನ ತೆಗ್ದು ನೋಡ್ಲಿಲ್ಲ ನೋಡು.

ಭಾಷೆಯನ್ನೂ ಅವನೇ ಮಲಯಾಳಕ್ಕೆ ಇಟ್ಟಿದ್ದ. ಕನ್ನಡಕ್ಕೆ ತಿರುಗಿಸುವ ಮೆನುವನ್ನೇ ಮಲಯಾಳದಲ್ಲಿ ಓದ್ಬೇಕಲ್ಲ, ಹಾಗೆ ಹಾಗೇ ಬಿಟ್ಟದ್ದಂತೆ. 1956ರಲ್ಲಿ ಕಾಸರಗೋಡಿನ ನಮ್ಮನ್ನು ಕೇಳದೆ ಕೇರಳಕ್ಕೆ ಹಾಕಿದ್ರು, ಇದೆಂತ ಮಹಾ ಅಂತ ನಗಾಡ್ತಾರೆ ನಿನ್ನ ಅಜ್ಜ.

ಇನ್ನು ನೀನು ವಿಷುವಿಗೆ ಬರುವಾಗ ನಿನ್ನ ಹಳೆ ಫೋನ್ ತರ್ತೇನೆ ಅಂದಿದ್ದೀಯಲ್ಲ, ದಯಮಾಡಿ ಬೆಂಗಳೂರಲ್ಲೇ ಸೆಟ್ಟಿಂಗಿಗೆ ಹೋಗಿ ನಿನ್ನ ಅಕೌಂಟ್ ತೆಗೆದು, ಆಮೇಲೆ ರೀಸೆಟ್ ಹೊಡೆದು ತಾ. ಹೊಸ ಜೀಮೇಲ್ ಇಲ್ಲಿ ಅಜ್ಜನ ಎದುರೇ ಮಾಡುವ, ನಂಬರ್ ಅವ್ರದ್ದೇ ಹಾಕುವ, ಪಾಸ್‌ವರ್ಡ್ ಅವ್ರ ಪಂಚಾಂಗದ ಹಿಂದಿನ ಪುಟದಲ್ಲಿ ಅವ್ರೇ ಬರೀಲಿ. ಒಂದು ಬಾಲ್ ಪೆನ್ನೂ ತಾ, ಇಲ್ಲಿದ್ದದ್ದು ಬರಿಯುದಿಲ್ಲ.